ಗಾಳದ ಕೋಲಿಗಿಂತ ಮೊದಲು ದಾರ: ರಾಡ್, ರೀಲ್, ಲೈನ್ ಆರಿಸುವ ಬಗೆ

ಮೀನು ಗಾಳ ಕಚ್ಚಿದ ಮೇಲೆ ಅದರ ಬಾಯಿಗೂ ನಿಮ್ಮ ಕೈಗೂ ನಡುವೆ ಇರುವುದು ಒಂದೇ ಎಳೆ. ದಪ್ಪ ಸುಮಾರು ಕಾಲು ಮಿಲಿಮೀಟರ್. ಗಾಳದ ಕೋಲು, ಅಂದರೆ ರಾಡ್ ಎಷ್ಟೇ ಚೆನ್ನಾಗಿರಲಿ, ದಾರ ಸುತ್ತುವ ರೀಲ್ ಎಷ್ಟೇ ನುಣುಪಾಗಿ ತಿರುಗಲಿ, ಆ ಎಳೆ ಹರಿದರೆ ಅಲ್ಲಿಗೆ ಮುಗಿಯಿತು. ಆದರೂ ಹೊಸದಾಗಿ ಗಾಳ ಹಾಕಲು ಹೊರಟವರು ಮೊದಲು ನೋಡುವುದು ರಾಡನ್ನು. ಆಮೇಲೆ ರೀಲ್. ದಾರದ ಯೋಚನೆ ಕೊನೆಯಲ್ಲಿ, ಅದೂ ಅಂಗಡಿಯವರು ಕೇಳಿದರೆ.

ನಾನೂ ಹಾಗೇ ಶುರು ಮಾಡಿದ್ದು. ದೊಡ್ಡ ಮೀನು ಸಿಕ್ಕರೆ ಬೇಕಾಗುತ್ತದೆ ಎಂದು ಒಂದು ಬಲವಾದ ರಾಡ್ ತಂದೆ. ಪುಟ್ಟ ರೀಲಿಗೆ 20 ಪೌಂಡ್ ಎಳೆತ ತಡೆಯುವ ದಪ್ಪ ದಾರ ಸುತ್ತಿದೆ. ತುದಿಗೆ 5 ಗ್ರಾಂನ ಲೂರ್, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆ, ಕಟ್ಟಿದೆ. ಎಸೆದರೆ ಅದು ನಾಲ್ಕು ಮಾರು ದೂರಕ್ಕೂ ಹೋಗಲಿಲ್ಲ. ಮೂರೂ ವಸ್ತುಗಳಲ್ಲಿ ದೋಷವಿರಲಿಲ್ಲ. ಒಂದಕ್ಕೊಂದು ಹೊಂದುತ್ತಿರಲಿಲ್ಲ, ಅಷ್ಟೇ. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ನಿಮಗೆ ಅಷ್ಟು ಹೊತ್ತು ಬೇಕಾಗಬಾರದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಯೋಚನೆ ನೀರಿನ ಕಡೆಯಿಂದ ಕೈಯ ಕಡೆಗೆ ಬರಬೇಕು. ಯಾವ ಮೀನು, ಎಂಥ ಜಾಗ? ಅದಕ್ಕೆ ಎಷ್ಟು ತೂಕದ ಎರೆ ಅಥವಾ ಲೂರ್ ಎಸೆಯಬೇಕು? ಅದಕ್ಕೆ ಯಾವ ದಾರ? ಆ ದಾರಕ್ಕೆ ಯಾವ ರಾಡ್? ಕೊನೆಗೆ, ಅವೆರಡಕ್ಕೂ ಒಪ್ಪುವ ರೀಲ್ ಯಾವುದು?

ಮೀನಿಗಿಂತ ಜಾಗ ಮುಖ್ಯ

"5 ಕಿಲೋ ಮೀನು ಹಿಡಿಯಲು 5 ಕಿಲೋ ತಡೆಯುವ ದಾರ ಬೇಕು ಅಲ್ವಾ?" ಎಂದು ತುಂಬಾ ಜನ ಕೇಳುತ್ತಾರೆ. ಬೇಡ. ಬಹುತೇಕ ಮೀನುಗಳ ಹೊಟ್ಟೆಯೊಳಗೆ ಗಾಳಿಚೀಲವಿದೆ. ನೀರಿನಲ್ಲಿ ಅವು ತೇಲದೆ ಮುಳುಗದೆ ನಿಲ್ಲುವುದು ಅದರಿಂದಲೇ. ಅಂದರೆ ನೀರಿನೊಳಗೆ ಮೀನಿಗೆ ತೂಕ ಇಲ್ಲ ಎನ್ನುವಷ್ಟು ಕಡಿಮೆ. ದಾರದ ಮೇಲೆ ಬೀಳುವುದು ಮೀನು ಈಜಿ ಎಳೆಯುವ ಬಲ, ಜೊತೆಗೆ ಹರಿವಿದ್ದರೆ ನೀರಿನ ತಳ್ಳಾಟ. ಅಗಲವಾದ ಕೆರೆಯಲ್ಲಿ, ಮೀನಿಗೆ ಓಡಲು ಜಾಗ ಕೊಟ್ಟರೆ, 3 ಕಿಲೋ ತಡೆಯುವ ದಾರದಲ್ಲಿ 5 ಕಿಲೋ ಮೀನನ್ನು ದಣಿಸಿ ದಡಕ್ಕೆ ತರಬಹುದು. ಆದರೆ ಅದೇ ಮೀನನ್ನು ದಾರ ಹಿಡಿದು ನೀರಿನಿಂದ ಮೇಲಕ್ಕೆ ಎತ್ತಲು ಹೋದರೆ ಪೂರ್ತಿ 5 ಕಿಲೋ ದಾರದ ಮೇಲೆ ಬೀಳುತ್ತದೆ. ಕೈಬಲೆ ಇಟ್ಟುಕೊಳ್ಳುವುದು ಇದಕ್ಕೇ.

ಹಾಗಾದರೆ ದಪ್ಪ ದಾರ ಯಾವಾಗ ಬೇಕು? ಮೀನಿಗೆ ಓಡಲು ಬಿಡಲಾಗದ ಜಾಗದಲ್ಲಿ. ಕೊರವನಂಥ ಮೀನು ಜೊಂಡಿನ ನಡುವೆ, ತಾವರೆ ಎಲೆಗಳ ಕೆಳಗೆ ಅಡಗಿರುತ್ತದೆ. ಕಚ್ಚಿದ ಕೂಡಲೇ ಅದು ಬೇರುಗಳ ಒಳಗೆ ನುಗ್ಗುತ್ತದೆ. ಅಲ್ಲಿ ದಣಿಸುವ ಮಾತಿಲ್ಲ, ಮೊದಲ ಎರಡು ಸೆಕೆಂಡಿನಲ್ಲೇ ಎಳೆದು ಹೊರಗೆ ತರಬೇಕು. 2 ಕಿಲೋ ಮೀನಿಗೂ ಅಲ್ಲಿ 30 ಪೌಂಡಿನ ದಾರ ಹಾಕುವುದು ಅತಿಯಲ್ಲ. ಬಂಡೆಗಳ ಮೇಲೆ ದಾರ ಉಜ್ಜುವ ನದಿಯೂ ಹೀಗೇ. ಅದೇ ತಿಳಿನೀರಿನಲ್ಲಿ ಅಂಜುಬುರುಕ ಟ್ರೌಟ್ ಹಿಡಿಯಲು 4 ಅಥವಾ 6 ಪೌಂಡಿನ ತೆಳು ದಾರ ಸಾಕು. ಸಾಕು ಅನ್ನುವುದಕ್ಕಿಂತ, ಅದೇ ಬೇಕು. ಅಲ್ಲಿ ದಾರ ದಪ್ಪವಾದಷ್ಟೂ ಮೀನು ಕಚ್ಚುವುದು ಕಡಿಮೆಯಾಗುತ್ತದೆ.

ದಾರದ ಡಬ್ಬಿಯ ಮೇಲೆ ಏನಿದೆ

ದಾರದ ಬಲವನ್ನು ಸಾಮಾನ್ಯವಾಗಿ ಪೌಂಡಿನಲ್ಲಿ ಹೇಳುತ್ತಾರೆ. 1 ಪೌಂಡ್ ಅಂದರೆ ಸುಮಾರು 454 ಗ್ರಾಂ. 10 ಪೌಂಡಿನ ದಾರ ಸುಮಾರು 4.5 ಕಿಲೋ ಎಳೆತಕ್ಕೆ ಹರಿಯುತ್ತದೆ ಎಂದು ಲೆಕ್ಕ. ಡಬ್ಬಿಯ ಮೇಲೆ ಇನ್ನೊಂದು ಅಂಕಿ ಇರುತ್ತದೆ, ದಾರದ ದಪ್ಪ, ಮಿಲಿಮೀಟರಿನಲ್ಲಿ. ನಾನು ಮೊದಲು ನೋಡುವುದು ಅದನ್ನು. ಯಾಕೆಂದರೆ ಪೌಂಡಿನ ಅಂಕಿ ಎಲ್ಲ ಕಡೆ ಒಂದೇ ಅರ್ಥದಲ್ಲಿ ಇರುವುದಿಲ್ಲ. ಹಲವು ದಾರಗಳು ಬರೆದ ಅಂಕಿಗಿಂತ ಜಾಸ್ತಿ ಬಲಕ್ಕೆ ಹರಿಯುತ್ತವೆ. ದಾಖಲೆಗೆಂದು ಮೀನು ಹಿಡಿಯುವವರಿಗೆ ಮಾಡಿದ ದಾರ ಮಾತ್ರ ಒದ್ದೆಯಾದಾಗ ಆ ಅಂಕಿಯನ್ನು ಮೀರದಂತೆ ತಯಾರಾಗಿರುತ್ತದೆ. ವಿಶ್ವದಾಖಲೆಗಳನ್ನು ಇಡುವ ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್ 1939ರಲ್ಲಿ ಶುರುವಾಯಿತು. ಅದರ ಹಲವು ದಾಖಲೆಗಳು ದಾರದ ಬಲದ ವರ್ಗಗಳ ಮೇಲೆ ನಿಂತಿವೆ. ಹಾಗಾಗಿ ಒಂದೇ "10 ಪೌಂಡ್" ಎಂದು ಬರೆದ ಎರಡು ದಾರಗಳಲ್ಲಿ ಒಂದು ದಪ್ಪವಾಗಿದ್ದರೆ, ಅದು ಹೆಚ್ಚು ಬಲದ್ದೇ ಇರಬಹುದು. ಬರೆದದ್ದು ಕಡಿಮೆ, ಅಷ್ಟೇ.

ದಪ್ಪಕ್ಕೂ ಬಲಕ್ಕೂ ಇರುವ ನಂಟು ನೇರವಾದದ್ದಲ್ಲ. ದಪ್ಪ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. 10 ಪೌಂಡಿನ ಸಾಮಾನ್ಯ ನೈಲಾನ್ ದಾರ ಸುಮಾರು 0.28 ಮಿಲಿಮೀಟರ್, 20 ಪೌಂಡಿನದು ಸುಮಾರು 0.40. ದಪ್ಪ ಹೆಚ್ಚಿದಷ್ಟೂ ದಾರ ಬಿರುಸಾಗುತ್ತದೆ, ಗಾಳಿಯಲ್ಲೂ ನೀರಿನಲ್ಲೂ ಅದಕ್ಕೆ ತಡೆ ಜಾಸ್ತಿ, ರೀಲಿನಲ್ಲಿ ಹಿಡಿಯುವ ಉದ್ದ ಕಡಿಮೆ. ನನ್ನ 5 ಗ್ರಾಂ ಲೂರ್ ಹಾರದೇ ಇದ್ದದ್ದು ಇದರಿಂದಲೇ. ಆ ಹಗುರ ಲೂರಿಗೆ ದಪ್ಪ ದಾರವನ್ನು ಎಳೆದುಕೊಂಡು ಹೋಗುವ ಶಕ್ತಿ ಇರಲಿಲ್ಲ.

ಈಗ ದಾರದ ಜಾತಿಗಳು. ಮೂರೇ ಮೂರು ತಿಳಿದರೆ ಸಾಕು.

ನೈಲಾನಿನ ಒಂಟಿ ಎಳೆ, ಅಂದರೆ ಮಾನೊ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವಾಲೇಸ್ ಕರೋಥರ್ಸ್ ಅವರ ತಂಡ 1935ರಲ್ಲಿ ನೈಲಾನ್ ಕಂಡುಹಿಡಿಯಿತು. ಅದಕ್ಕೆ ಮೊದಲು ರೇಷ್ಮೆ ದಾರ, ಕುದುರೆ ಕೂದಲು ಬಳಸುತ್ತಿದ್ದರು. ರೇಷ್ಮೆ ದಾರವನ್ನು ಪ್ರತಿ ಸಲ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. ನೈಲಾನ್ ಆ ಕಷ್ಟ ತಪ್ಪಿಸಿತು. ಇದರ ದೊಡ್ಡ ಗುಣ ಹಿಗ್ಗುವುದು. ಹರಿಯುವ ಮುನ್ನ ಇದು ತನ್ನ ಉದ್ದದ ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ಹಿಗ್ಗಬಲ್ಲದು. ಮೀನು ತಟ್ಟನೆ ತಲೆ ಒದರಿದಾಗ ಆ ಹೊಡೆತವನ್ನು ದಾರವೇ ನುಂಗಿಕೊಳ್ಳುತ್ತದೆ. ಹೊಸಬರ ಕೈ ಬಿರುಸಾಗಿರುತ್ತದೆ, ಆ ತಪ್ಪನ್ನೂ ಇದು ಕ್ಷಮಿಸುತ್ತದೆ. ಗಂಟು ಸುಲಭವಾಗಿ ಕೂರುತ್ತದೆ. ಕೊರತೆಯೂ ಅದೇ ಹಿಗ್ಗುವಿಕೆಯಿಂದ ಬರುತ್ತದೆ. 40 ಮೀಟರ್ ಆಚೆ ಮೀನು ಮೆಲ್ಲಗೆ ಮೂಸಿದರೆ ಕೈಗೆ ತಿಳಿಯುವುದಿಲ್ಲ. ನೈಲಾನ್ ನೀರು ಹೀರುತ್ತದೆ, ಹೀರಿದಾಗ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಬಿಸಿಲಿಗೆ ಹಳತಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಬದಲಾಯಿಸಬೇಕು.

ಎರಡನೆಯದು ಹೆಣೆದ ದಾರ, ಬ್ರೇಡ್. ಬಲು ಗಟ್ಟಿಯಾದ ಒಂದು ಬಗೆಯ ಪಾಲಿಥೀನ್ ಎಳೆಗಳನ್ನು, ನಾಲ್ಕೋ ಎಂಟೋ ಸೇರಿಸಿ, ಜಡೆಯಂತೆ ಹೆಣೆದದ್ದು. ಅದೇ ದಪ್ಪದ ನೈಲಾನಿಗೆ ಹೋಲಿಸಿದರೆ ಇದರ ಬಲ ಸುಮಾರು ಮೂರು ಪಟ್ಟು. ಹಿಗ್ಗುವುದೇ ಇಲ್ಲ ಎನ್ನಬಹುದು. ತಳದ ಕಲ್ಲಿಗೆ ಸೀಸದ ಗುಂಡು ತಾಗಿದರೂ ಬೆರಳಿಗೆ ಗೊತ್ತಾಗುತ್ತದೆ. ನೀರಿಗಿಂತ ಹಗುರ, ತೇಲುತ್ತದೆ. ಜೊಂಡಿನೊಳಗೆ ಗರಗಸದಂತೆ ಕೊಯ್ದುಕೊಂಡು ಬರುತ್ತದೆ. ಆದರೆ ಬಂಡೆಯ ಅಂಚಿಗೆ ಉಜ್ಜಿದರೆ ಬೇಗ ಹರಿಯುತ್ತದೆ, ಯಾಕೆಂದರೆ ಒಳಗಿನ ಒಂದೊಂದು ಎಳೆಯೂ ತೀರಾ ಸಣ್ಣದು. ನೀರಿನಲ್ಲಿ ಎದ್ದು ಕಾಣುತ್ತದೆ. ಹಿಗ್ಗದ ಕಾರಣ ಎಲ್ಲ ಹೊಡೆತವೂ ಗಾಳದ ತುದಿಗೆ, ಗಂಟಿಗೆ, ರಾಡಿಗೆ ಹೋಗುತ್ತದೆ. ಬ್ರೇಡಿನ ಡಬ್ಬಿಗಳ ಮೇಲೆ "ಪಿಇ 1", "ಪಿಇ 2" ಎಂಬ ಗುರುತು ಕಾಣಬಹುದು. ಅದು ಜಪಾನಿನ ಲೆಕ್ಕ. ಪಿಇ 1 ಅಂದರೆ ಸುಮಾರು 0.165 ಮಿಲಿಮೀಟರ್. ಅಂಕಿ ನಾಲ್ಕು ಪಟ್ಟಾದರೆ ದಪ್ಪ ಎರಡು ಪಟ್ಟು, ಪಿಇ 4 ಅಂದರೆ 0.33.

ಮೂರನೆಯದು ಫ್ಲೋರೋಕಾರ್ಬನ್. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಇದನ್ನು ಮೀನಿನ ದಾರವಾಗಿ ತಂದಿತು. "ನೀರಿನಲ್ಲಿ ಕಾಣುವುದೇ ಇಲ್ಲ" ಎಂದು ಹೇಳಿ ಮಾರುತ್ತಾರೆ. ಪೂರ್ತಿ ನಿಜವಲ್ಲ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಬಾಗುತ್ತದೆ ಎಂಬುದಕ್ಕೆ ಒಂದು ಅಂಕಿ ಇದೆ. ನೀರಿಗೆ 1.33, ಫ್ಲೋರೋಕಾರ್ಬನ್ನಿಗೆ 1.42, ನೈಲಾನಿಗೆ ಸುಮಾರು 1.53. ಅಂಕಿಗಳು ಹತ್ತಿರವಾದಷ್ಟೂ ವಸ್ತು ನೀರಿನಲ್ಲಿ ಕರಗಿದಂತೆ ಕಾಣುತ್ತದೆ. ಅಂದರೆ ಇದು ನೈಲಾನಿಗಿಂತ ಕಡಿಮೆ ಕಾಣುತ್ತದೆ, ಮಾಯವಾಗುವುದಿಲ್ಲ. ನಾನು ಇದನ್ನು ಇಷ್ಟಪಡುವುದು ಬೇರೆ ಕಾರಣಕ್ಕೆ. ಉಜ್ಜಾಟ ಚೆನ್ನಾಗಿ ತಡೆಯುತ್ತದೆ, ನೀರು ಹೀರುವುದಿಲ್ಲ, ಭಾರವಾಗಿರುವುದರಿಂದ ಬೇಗ ಮುಳುಗುತ್ತದೆ. ಆದರೆ ಬಿರುಸು. ಪುಟ್ಟ ರೀಲಿನ ತುಂಬ ಸುತ್ತಿದರೆ ಸ್ಪ್ರಿಂಗಿನಂತೆ ಸುರುಳಿಯಾಗಿ ಹೊರಗೆ ಚಿಮ್ಮುತ್ತದೆ.

ಹಾಗಾಗಿ ಎರಡನ್ನೂ ಸೇರಿಸುವ ರೂಢಿ ಬಂದಿದೆ. ರೀಲಿನಲ್ಲಿ ಬ್ರೇಡ್, ತುದಿಗೆ ಒಂದೆರಡು ಮೀಟರ್ ಫ್ಲೋರೋಕಾರ್ಬನ್. ಆ ತುದಿಯ ತುಂಡಿಗೆ ಲೀಡರ್ ಎನ್ನುತ್ತಾರೆ. ಚೆನ್ನಾದ ಜೋಡಿ ಇದು. ಆದರೂ ನಿಮ್ಮ ಮೊದಲ ರೀಲಿಗೆ ನಾನು ಹೇಳುವುದು 8 ಅಥವಾ 10 ಪೌಂಡಿನ ನೈಲಾನ್. ಎರಡು ಬಗೆಯ ದಾರ ಜೋಡಿಸುವ ಗಂಟು ಕಲಿಯುವುದು ಆಮೇಲೆ ಆಗಲಿ.

ಗಂಟಿನ ಮಾತು ಬಂತು. ದಾರ ಹರಿಯುವುದು ಹೆಚ್ಚಾಗಿ ಗಂಟಿನಲ್ಲೇ. ನಾವು ಸುಮ್ನೆ ಹಾಕುವ ಒಂದು ಸಾದಾ ಗಂಟು ನೈಲಾನಿನ ಬಲವನ್ನು ಅರ್ಧದ ಹತ್ತಿರಕ್ಕೆ ಇಳಿಸಬಲ್ಲದು. ಗಾಳಿಗೆ ದಾರ ತನ್ನಷ್ಟಕ್ಕೆ ಇಂಥ ಗಂಟು ಹಾಕಿಕೊಂಡರೂ ಅಷ್ಟೇ, ಕಂಡ ಕೂಡಲೇ ಕತ್ತರಿಸಿ ತೆಗೆಯಿರಿ. ಪಲೋಮಾರ್ ಎಂಬ ಒಂದು ಗಂಟು ಕಲಿತರೆ ಗಾಳ, ಸ್ವಿವೆಲ್ (ದಾರ ತಿರುಚದಂತೆ ತಿರುಗುವ ಪುಟ್ಟ ಕೊಂಡಿ), ಲೂರ್ ಎಲ್ಲಕ್ಕೂ ಸಾಕು. ಬಿಗಿಯುವ ಮುನ್ನ ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ. ಒಣ ದಾರ ಬಿಗಿಯುವಾಗ ಉಜ್ಜಿ ಬಿಸಿಯಾಗುತ್ತದೆ, ಆ ಬಿಸಿಗೆ ದಾರ ಅಲ್ಲೇ ಸಾಯುತ್ತದೆ.

ರಾಡ್: ಬಾಗುವುದೇ ಅದರ ಕೆಲಸ

ರಾಡಿನ ಹಿಡಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಹೆಚ್ಚು ಕಡಿಮೆ ಹೀಗೆ: 7 ಅಡಿ, ಮೀಡಿಯಂ, ಫಾಸ್ಟ್, ಲೂರ್ 7ರಿಂದ 21 ಗ್ರಾಂ, ಲೈನ್ 8ರಿಂದ 14 ಪೌಂಡ್. ಈ ಸಾಲನ್ನು ಓದಲು ಬಂದರೆ ಅರ್ಧ ಕೆಲಸ ಆದಂತೆ.

ಮೊದಲು ಎರಡು ಪದಗಳ ಗೊಂದಲ ಬಿಡಿಸೋಣ, ಪವರ್ ಮತ್ತು ಆಕ್ಷನ್. ಪವರ್ ಅಂದರೆ ರಾಡ್ ಬಾಗಲು ಎಷ್ಟು ಬಲ ಬೇಕು ಎಂಬುದು. ಅಲ್ಟ್ರಾ ಲೈಟ್, ಲೈಟ್, ಮೀಡಿಯಂ, ಮೀಡಿಯಂ ಹೆವಿ, ಹೆವಿ ಎಂದು ಏರುತ್ತಾ ಹೋಗುತ್ತದೆ. ಆಕ್ಷನ್ ಅಂದರೆ ಎಲ್ಲಿ ಬಾಗುತ್ತದೆ ಎಂಬುದು. ತುದಿಯ ಕಾಲು ಭಾಗ ಮಾತ್ರ ಬಾಗಿದರೆ ಫಾಸ್ಟ್. ನಡುವಿನವರೆಗೂ ಬಾಗಿದರೆ ಮಾಡರೇಟ್. ಹಿಡಿಯವರೆಗೂ ಬಿಲ್ಲಿನಂತೆ ಬಾಗಿದರೆ ಸ್ಲೋ. ಎರಡೂ ಬೇರೆ ಬೇರೆ ವಿಷಯ. ಬಲವಾದ ರಾಡ್ ಕೂಡ ಸ್ಲೋ ಇರಬಹುದು, ಸಣ್ಣ ರಾಡ್ ಕೂಡ ಫಾಸ್ಟ್ ಇರಬಹುದು. ಇವುಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಹೆವಿ ಆಗಿರಬಹುದು. ಅದಕ್ಕೇ ಪದಕ್ಕಿಂತ ಗ್ರಾಂ ಮತ್ತು ಪೌಂಡಿನ ಅಂಕಿಗಳನ್ನು ನಂಬಿ.

ಆ ಗ್ರಾಂ ಅಂಕಿ ಯಾಕೆ ಮುಖ್ಯ? ಎಸೆಯುವಾಗ ಲೂರಿನ ತೂಕ ರಾಡನ್ನು ಹಿಂದಕ್ಕೆ ಬಾಗಿಸುತ್ತದೆ. ರಾಡ್ ನೆಟ್ಟಗಾಗುವಾಗ ಲೂರನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಲೂರ್ ಹಗುರವಾದರೆ ರಾಡ್ ಬಾಗುವುದೇ ಇಲ್ಲ, ಸುಮ್ನೆ ಕೋಲು ಬೀಸಿದಂತೆ. ತೀರಾ ಭಾರವಾದರೆ ರಾಡ್ ಬಾಗಿ ಅಲ್ಲೇ ಉಳಿದುಬಿಡುತ್ತದೆ, ಮುರಿಯಲೂಬಹುದು. ಬರೆದಿರುವ ಅಂಕಿಗಳ ನಡುವಿನ ತೂಕವೇ ಹಿತ. 7ರಿಂದ 21 ಗ್ರಾಂ ಎಂದಿದ್ದರೆ 12ರಿಂದ 15 ಗ್ರಾಂ ಎಸೆಯುವಾಗ ಆ ರಾಡ್ ತನ್ನ ಚೆಂದ ತೋರಿಸುತ್ತದೆ. ಬೆಂಡು, ಸೀಸದ ಗುಂಡು, ಎರೆ ಎಲ್ಲ ಸೇರಿದ ತೂಕ ಇದು ಎಂಬುದನ್ನು ಮರೆಯಬೇಡಿ.

ದೊಡ್ಡ ಗೆಂಡೆ ಮೀನಿಗೆಂದೇ ಮಾಡಿದ ಉದ್ದ ರಾಡುಗಳಲ್ಲಿ ಬೇರೆ ಲೆಕ್ಕ ಇರುತ್ತದೆ, ಟೆಸ್ಟ್ ಕರ್ವ್. ರಾಡನ್ನು ಅಡ್ಡಲಾಗಿ ಹಿಡಿದು ತುದಿಗೆ ತೂಕ ಕಟ್ಟಿದಾಗ, ತುದಿ ನೇರ ಕೆಳಗೆ ನೋಡುವಷ್ಟು ಬಾಗಲು ಬೇಕಾದ ತೂಕ ಅದು. 2.75 ಪೌಂಡ್ ಎಂದಿದ್ದರೆ, ಹಳೆಯ ಕೈಲೆಕ್ಕದಂತೆ ಅದನ್ನು ಐದರಿಂದ ಗುಣಿಸಿ. ಸುಮಾರು 14 ಪೌಂಡಿನ ದಾರ ಅದಕ್ಕೆ ಸರಿ.

ಫಾಸ್ಟ್ ರಾಡ್ ಚುರುಕು. ಒಂದೇ ಗಾಳ ಇರುವ ಎರೆಗೆ, ಮೀನು ಮೆಲ್ಲಗೆ ಮುಟ್ಟಿದಾಗ ತಟ್ಟನೆ ಎಳೆದು ಗಾಳ ಚುಚ್ಚಿಸಲು ಅದು ಒಳ್ಳೆಯದು. ಮೂರು ಮುಳ್ಳಿನ ಗಾಳಗಳಿರುವ ಲೂರ್ ಎಳೆಯುವಾಗ ಮಾಡರೇಟ್ ಮೇಲು. ಮೀನು ಲೂರನ್ನು ಬಾಯೊಳಗೆ ತೆಗೆದುಕೊಳ್ಳಲು ಅದು ಒಂದು ಕ್ಷಣ ಕೊಡುತ್ತದೆ, ಮೀನು ಜಿಗಿದಾಗ ಸಣ್ಣ ಮುಳ್ಳುಗಳು ಕಿತ್ತು ಬರದಂತೆ ಮೆತ್ತಗೆ ಬಾಗುತ್ತದೆ. ರೀಲಿನಲ್ಲಿ ಬ್ರೇಡ್ ಹಾಕಿದ್ದರಂತೂ ರಾಡ್ ಸ್ವಲ್ಪ ಮೆತ್ತಗೆ ಇರಲಿ. ದಾರ ಹಿಗ್ಗದಿದ್ದಾಗ ಯಾವುದಾದರೂ ಒಂದು ಬಾಗಲೇಬೇಕು.

ಉದ್ದದ ವಿಷಯದಲ್ಲಿ ಜನ ಸಾಮಾನ್ಯವಾಗಿ ದೂರ ಎಸೆಯುವುದನ್ನಷ್ಟೇ ಯೋಚಿಸುತ್ತಾರೆ. ನಿಜ, ಉದ್ದ ರಾಡ್ ದೂರ ಎಸೆಯುತ್ತದೆ. ಆದರೆ ರಾಡ್ ಒಂದು ಸನ್ನೆಗೋಲು, ಮತ್ತು ಇಲ್ಲಿ ಸನ್ನೆಯ ಲಾಭ ಮೀನಿಗೆ. ನಿಮ್ಮ ಎರಡು ಕೈಗಳ ನಡುವೆ 30 ಸೆಂಟಿಮೀಟರ್ ಅಂತರ, ಮುಂದಿನ ಕೈಯಿಂದ ರಾಡಿನ ತುದಿಗೆ 2 ಮೀಟರ್ ಇದೆ ಎಂದುಕೊಳ್ಳಿ. ತುದಿಯಲ್ಲಿ ಮೀನು 1 ಕಿಲೋ ಬಲದಿಂದ ಅಡ್ಡಲಾಗಿ ಎಳೆದರೆ ಹಿಂದಿನ ಕೈ ಸುಮಾರು 6.7 ಕಿಲೋ ಬಲ ಹಾಕಬೇಕು. ರಾಡ್ ಬಾಗಿದಾಗ ಈ ದೂರ ಕಡಿಮೆಯಾಗುತ್ತದೆ, ಕೈಗೆ ಹಗುರವಾಗುತ್ತದೆ. ರಾಡ್ ಬಾಗುವುದರ ಇನ್ನೊಂದು ಉಪಕಾರ ಇದು. ಪೊದೆಗಳ ನಡುವೆ, ದೋಣಿಯಲ್ಲಿ, ಮಕ್ಕಳ ಕೈಗೆ 1.5ರಿಂದ 1.8 ಮೀಟರ್. ಎಲ್ಲಕ್ಕೂ ಒಂದೇ ಬೇಕೆಂದರೆ 2.1 ಮೀಟರ್. ದಡದಲ್ಲಿ ನಿಂತು ಬೆಂಡು ಹಾಕಿ ಗಾಳ ಹಾಕುವವರಿಗೆ 3 ಮೀಟರ್ ದಾಟಿದ್ದೂ ಹಿತವೇ, ಯಾಕೆಂದರೆ ನೀರಿನ ಮೇಲೆ ಬಿದ್ದ ದಾರವನ್ನು ಬೇಗ ಮೇಲೆತ್ತಬಹುದು.

ಯಾವುದರಿಂದ ಮಾಡಿದ್ದು ಎಂಬುದೂ ಇದೆ. ಬಿದಿರಿನ ನಂತರ, ಎರಡನೇ ಮಹಾಯುದ್ಧ ಮುಗಿದ ಮೇಲೆ, ಗಾಜಿನ ನಾರಿನ ರಾಡುಗಳು ಬಂದವು. 1970ರ ದಶಕದಲ್ಲಿ ಕಾರ್ಬನ್ ನಾರು ಬಂತು, ಗ್ರಾಫೈಟ್ ಎಂದೂ ಕರೆಯುತ್ತಾರೆ. ಕಾರ್ಬನ್ ಹಗುರ, ಚುರುಕು. ಆದರೆ ಪೆಟ್ಟು ಬಿದ್ದರೆ, ಕಾರಿನ ಬಾಗಿಲಿಗೆ ಸಿಕ್ಕರೆ ಥಟ್ಟನೆ ಮುರಿಯುತ್ತದೆ. ಗಾಜಿನ ನಾರು ಭಾರ, ಆದರೆ ಒರಟು ಕೈಗೂ ತಾಳುತ್ತದೆ. ಮಕ್ಕಳಿಗೆ ನಾನು ಅದನ್ನೇ ಹೇಳುತ್ತೇನೆ. ಎರಡೂ ಬೆರೆಸಿದ ರಾಡ್ ಮೊದಲ ಕೊಳ್ಳುವಿಕೆಗೆ ಚೆನ್ನ. ಒಂದು ಎಚ್ಚರಿಕೆಯನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಿ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಮೇಲೆ ಕರೆಂಟ್ ತಂತಿ ಹಾದುಹೋಗುವ ಜಾಗದಲ್ಲಿ ರಾಡ್ ಎತ್ತಬೇಡಿ. ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ನೀರಿನಿಂದ ದೂರ ಹೋಗಿ. ಇದರಿಂದ ಜೀವ ಹೋದವರಿದ್ದಾರೆ.

ಮೀನು ಹತ್ತಿರ ಬಂದಾಗ ರಾಡನ್ನು ಹಿಂದಕ್ಕೆ, ತಲೆಯಾಚೆ ಎಳೆಯುವುದು ಇನ್ನೊಂದು ಮುರಿಯುವ ಗಳಿಗೆ. ಆಗ ಎಲ್ಲ ಭಾರವೂ ಸಪೂರವಾದ ತುದಿಯ ಮೇಲೇ ಬೀಳುತ್ತದೆ.

ರೀಲ್

ಸಿಹಿನೀರಿಗೆ ಹೆಚ್ಚು ಜನ ಬಳಸುವುದು ಸ್ಪಿನ್ನಿಂಗ್ ರೀಲ್. ಇದರಲ್ಲಿ ದಾರ ಸುತ್ತಿದ ಸ್ಪೂಲ್ ಎಸೆಯುವಾಗ ತಿರುಗುವುದಿಲ್ಲ. ದಾರ ಅದರ ಅಂಚಿನಿಂದ ಸುರುಳಿ ಸುರುಳಿಯಾಗಿ ಜಾರಿಹೋಗುತ್ತದೆ. ಇಂಗ್ಲೆಂಡಿನ ಬಟ್ಟೆ ಗಿರಣಿಯ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದರು. ಗಿರಣಿಯ ಕಂಡಿಕೆಯಿಂದ ನೂಲು ಸಲೀಸಾಗಿ ಬಿಚ್ಚಿಕೊಳ್ಳುವುದರಿಂದ ಆ ಯೋಚನೆ ಬಂತು. ಸ್ಪೂಲ್ ತಿರುಗಬೇಕಿಲ್ಲದ ಕಾರಣ 3, 4 ಗ್ರಾಂ ಲೂರನ್ನೂ ಎಸೆಯಬಹುದು. ಗೋಜಲು ಕಡಿಮೆ. ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ಬದಲಾಯಿಸಬಹುದು.

ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಸ್ಪೂಲೇ ತಿರುಗುತ್ತದೆ, ಬಾವಿಯ ರಾಟೆಯ ಹಾಗೆ. ಲೂರ್ ಗಾಳಿಯಲ್ಲಿ ನಿಧಾನವಾದರೂ ಸ್ಪೂಲ್ ಅದೇ ವೇಗದಲ್ಲಿ ತಿರುಗುತ್ತಿದ್ದರೆ, ಬಿಚ್ಚಿಕೊಂಡ ದಾರಕ್ಕೆ ಹೋಗಲು ಜಾಗವಿಲ್ಲದೆ ಒಳಗೇ ಹಕ್ಕಿಗೂಡಿನಂತೆ ಗೋಜಲಾಗುತ್ತದೆ. ಹೆಬ್ಬೆರಳಿನಿಂದ ಸ್ಪೂಲನ್ನು ಮೆಲ್ಲಗೆ ತಡೆಯುವುದು ಕಲಿಯಬೇಕು. ಅಯಸ್ಕಾಂತದ ಬ್ರೇಕ್ ಸಹಾಯ ಮಾಡುತ್ತದೆ, ಬೆರಳಿನ ಕೆಲಸ ಪೂರ್ತಿ ತಪ್ಪಿಸುವುದಿಲ್ಲ. 10 ಗ್ರಾಂ ಮೀರಿದ ಲೂರ್, ದಪ್ಪ ದಾರ, ಗುರಿಯಿಟ್ಟು ಎಸೆಯುವ ಕೆಲಸಕ್ಕೆ ಇದು ಮೇಲು. ಎರಡನೇ ರೀಲಾಗಿ ಕೊಳ್ಳಿ.

ಮುಚ್ಚಳದೊಳಗೆ ಸ್ಪೂಲ್ ಇರುವ, ಗುಂಡಿ ಒತ್ತಿ ಎಸೆಯುವ ಸ್ಪಿನ್‌ಕಾಸ್ಟ್ ರೀಲ್ ಚಿಕ್ಕ ಮಕ್ಕಳಿಗೆ ಒಳ್ಳೆಯದು. ಫ್ಲೈ ಫಿಶಿಂಗ್ ಬೇರೆಯೇ ವಿದ್ಯೆ. ಅಲ್ಲಿ ಲೂರಿಗೆ ತೂಕವೇ ಇಲ್ಲ, ದಾರದ ತೂಕದಿಂದಲೇ ಎಸೆಯುತ್ತಾರೆ.

ಸ್ಪಿನ್ನಿಂಗ್ ರೀಲಿನ ಮೇಲಿನ 1000, 2500, 4000 ಎಂಬ ಅಂಕಿಗಳು ಗಾತ್ರದ ಗುರುತು. ಸಣ್ಣ ಮೀನಿಗೆ 1000, ಎಲ್ಲಕ್ಕೂ ಒಂದೇ ಎಂದರೆ 2500 ಅಥವಾ 3000, ದೊಡ್ಡ ಗೆಂಡೆ, ಕ್ಯಾಟ್‌ಫಿಶ್‌ಗಳಿಗೆ 4000ದಿಂದ ಮೇಲೆ. ಸ್ಪೂಲಿನ ಮೇಲೆ "0.25/160" ಎಂದಿದ್ದರೆ 0.25 ಮಿಲಿಮೀಟರ್ ದಪ್ಪದ ದಾರ 160 ಮೀಟರ್ ಹಿಡಿಯುತ್ತದೆ. 0.30 ಹಾಕಿದರೆ ಸುಮಾರು 111 ಮೀಟರ್ ಮಾತ್ರ. ದಪ್ಪ ಸ್ವಲ್ಪ ಏರಿದರೂ ಉದ್ದ ಎಷ್ಟು ಇಳಿಯಿತು ನೋಡಿ.

ಗೇರ್ ಅನುಪಾತ 6.2:1 ಎಂದರೆ ಹಿಡಿಕೆ ಒಂದು ಸುತ್ತು ತಿರುಗಿದಾಗ ರೀಲಿನ ತಲೆ 6.2 ಸುತ್ತು ತಿರುಗುತ್ತದೆ. ತುಂಬಿದ ಸ್ಪೂಲಿನ ಅಡ್ಡಳತೆ 45 ಮಿಲಿಮೀಟರ್ ಆದರೆ ಒಂದು ಸುತ್ತಿಗೆ ಸುಮಾರು 88 ಸೆಂಟಿಮೀಟರ್ ದಾರ ಒಳಬರುತ್ತದೆ. 5.2:1 ಆದರೆ 74. ವೇಗ ಜಾಸ್ತಿಯಾದರೆ ಎಳೆಯುವ ಬಲ ಕಡಿಮೆ, ಸೈಕಲ್ಲಿನ ಗೇರಿನ ಹಾಗೆಯೇ. 5ರಿಂದ 6ರ ನಡುವೆ ಇದ್ದರೆ ಯಾವ ತಕರಾರೂ ಇಲ್ಲ. ಬೇರಿಂಗ್ ಎಷ್ಟಿವೆ ಎಂಬ ಅಂಕಿಗೆ ಮರುಳಾಗಬೇಡಿ. ಚೆನ್ನಾಗಿ ಮಾಡಿದ ನಾಲ್ಕು ಬೇರಿಂಗ್, ಕೆಟ್ಟದಾಗಿ ಮಾಡಿದ ಹನ್ನೆರಡಕ್ಕಿಂತ ಮೇಲು.

ದಾರವನ್ನು ಸ್ಪೂಲಿನ ಅಂಚಿಗೆ 2 ಮಿಲಿಮೀಟರ್ ಉಳಿಯುವವರೆಗೆ ಸುತ್ತಿ. ಕಡಿಮೆಯಾದರೆ ದಾರ ಅಂಚಿಗೆ ಉಜ್ಜಿ ಎಸೆತ ಗಿಡ್ಡವಾಗುತ್ತದೆ. ಜಾಸ್ತಿಯಾದರೆ ಸುರುಳಿಗಳು ಒಟ್ಟಿಗೇ ಜಾರಿ ಗೋಜಲಾಗುತ್ತವೆ. ಬ್ರೇಡ್ ಹಾಕುವುದಾದರೆ ಅಡಿಯಲ್ಲಿ ಕೆಲವು ಮೀಟರ್ ನೈಲಾನ್ ಸುತ್ತಿ. ಇಲ್ಲದಿದ್ದರೆ ನುಣುಪಾದ ಬ್ರೇಡ್ ಅಷ್ಟೂ ಸ್ಪೂಲಿನ ಮೇಲೆ ಜಾರುತ್ತದೆ.

ಡ್ರ್ಯಾಗ್, ಮೀನು ಹಿಡಿಯುವ ಭಾಗ

ರೀಲಿನಲ್ಲಿ ನಾನು ಹಣ ಹಾಕಿ ಎನ್ನುವುದು ಇದಕ್ಕೆ. ಮೀನು ಒಂದು ಮಟ್ಟ ಮೀರಿ ಎಳೆದಾಗ ಸ್ಪೂಲ್ ಜಾರಿ ದಾರ ಬಿಡುತ್ತದೆ, ಹರಿಯಲು ಬಿಡುವುದಿಲ್ಲ. ಒಳಗೆ ಬಿಲ್ಲೆಗಳು ಒಂದನ್ನೊಂದು ಒತ್ತಿಕೊಂಡಿರುತ್ತವೆ, ತಿರುಪು ಬಿಗಿಸಿದಷ್ಟೂ ಒತ್ತುವಿಕೆ ಜಾಸ್ತಿ. "9 ಕಿಲೋ ಡ್ರ್ಯಾಗ್" ಎಂದು ದೊಡ್ಡದಾಗಿ ಬರೆದಿರುತ್ತಾರೆ. 10 ಪೌಂಡಿನ ದಾರಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಡ್ರ್ಯಾಗನ್ನು ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಡಬೇಕು. 4.5 ಕಿಲೋ ದಾರಕ್ಕೆ 1.1ರಿಂದ 1.5 ಕಿಲೋ. ಬೇಕಾಗಿರುವುದು ಬಲವಲ್ಲ, ನುಣುಪು. ಕೆಟ್ಟ ಡ್ರ್ಯಾಗ್ ಮೊದಲು ಕಚ್ಚಿಕೊಂಡು ಆಮೇಲೆ ಜಗ್ಗನೆ ಬಿಡುತ್ತದೆ. ತೆಳು ದಾರ ಹರಿಯುವುದು ಆ ಮೊದಲ ಜಗ್ಗಿನಲ್ಲೇ. ಕೊಳ್ಳುವಾಗ ತಿರುಪು ಸಡಿಲ ಮಾಡಿ, ದಾರವನ್ನು ಕೈಯಿಂದ ನಿಧಾನವಾಗಿ ಎಳೆದು ನೋಡಿ. ತಡೆತಡೆದು ಬಂದರೆ ಬೇಡ.

ಮಿಕ್ಕಿದ ಮುಕ್ಕಾಲು ಬಲ ಯಾಕೆ ಉಳಿಸಬೇಕು? ಅದು ಪೋಲಾಗುವುದಿಲ್ಲ. ಗಂಟು ಸ್ವಲ್ಪ ತಿನ್ನುತ್ತದೆ. ರಾಡಿನ ಉಂಗುರಗಳ ಉಜ್ಜಾಟ ಸ್ವಲ್ಪ ಸೇರುತ್ತದೆ. ಜೊತೆಗೆ, ಮೀನು ದಾರ ಎಳೆದುಕೊಂಡು ದೂರ ಹೋದಷ್ಟೂ ಸ್ಪೂಲಿನಲ್ಲಿ ಉಳಿದ ದಾರದ ಅಡ್ಡಳತೆ ಕಿರಿದಾಗುತ್ತದೆ. 45 ಮಿಲಿಮೀಟರ್ ಇದ್ದದ್ದು 30ಕ್ಕೆ ಇಳಿದರೆ, ತಿರುಪು ಮುಟ್ಟದೆಯೇ ಡ್ರ್ಯಾಗ್ ಒಂದೂವರೆ ಪಟ್ಟಾಗಿರುತ್ತದೆ. ಮೀನು ದೂರ ಓಡಿದಾಗ ಹೆದರಿ ತಿರುಪು ಬಿಗಿಸುವುದು ತಪ್ಪು ಎನ್ನುವುದು ಇದಕ್ಕೇ.

ಮೀನು ದಾರ ಎಳೆಯುತ್ತಿರುವಾಗ ಹಿಡಿಕೆ ತಿರುಗಿಸಲೂ ಬೇಡಿ. ಸ್ಪಿನ್ನಿಂಗ್ ರೀಲಿನಲ್ಲಿ ದಾರ ಒಳಗೆ ಬರುವುದಿಲ್ಲ, ಬದಲಿಗೆ ಹಿಡಿಕೆಯ ಪ್ರತಿ ಸುತ್ತಿಗೆ ಐದಾರು ತಿರುಚು ದಾರಕ್ಕೆ ಸೇರುತ್ತದೆ. ಮುಂದಿನ ಎಸೆತದಲ್ಲಿ ಅದು ಗೋಜಲಾಗಿ ಹೊರಬರುತ್ತದೆ. ಮೀನು ಓಡಲಿ. ನಿಂತಾಗ ರಾಡ್ ಮೇಲೆತ್ತಿ, ಇಳಿಸುತ್ತಾ ಸುತ್ತಿ.

ಡ್ರ್ಯಾಗ್ ಹೊಂದಿಸಲು ಒಂದು ಸ್ಪ್ರಿಂಗ್ ತಕ್ಕಡಿ ಸಾಕು. ದಾರವನ್ನು ರಾಡಿನ ಎಲ್ಲ ಉಂಗುರಗಳಲ್ಲಿ ತೂರಿಸಿ ತುದಿಯನ್ನು ತಕ್ಕಡಿಗೆ ಕಟ್ಟಿ. ಒಬ್ಬರು ತಕ್ಕಡಿ ಹಿಡಿಯಲಿ, ನೀವು ಮೀನಿದ್ದಂತೆ ರಾಡ್ ಬಾಗಿಸಿ ಎಳೆಯಿರಿ. ಮುಳ್ಳು 1.2 ಕಿಲೋ ತೋರಿಸುವಾಗ ಸ್ಪೂಲ್ ಜಾರಬೇಕು. ಒಂದೆರಡು ಸಲ ಹೀಗೆ ಮಾಡಿದರೆ ಆ ಎಳೆತ ಕೈಗೆ ನೆನಪಾಗುತ್ತದೆ. ಮನೆಗೆ ಬಂದ ಮೇಲೆ ತಿರುಪು ಸಡಿಲ ಮಾಡಿ ಇಡಿ. ಬಿಗಿದೇ ಇಟ್ಟರೆ ಬಿಲ್ಲೆಗಳು ಚಪ್ಪಟೆಯಾಗಿ ನುಣುಪು ಹೋಗುತ್ತದೆ.

ಮೂರನ್ನೂ ಸೇರಿಸಿದಾಗ

ನನ್ನನ್ನು ಕೇಳಿದರೆ ಮೊದಲ ಜೋಡಿ ಇದು: 2.1 ಮೀಟರ್, ಮೀಡಿಯಂ ಪವರ್, ಫಾಸ್ಟಿಗಿಂತ ತುಸು ಮೆತ್ತಗಿನ ರಾಡ್. 2500ರ ಸ್ಪಿನ್ನಿಂಗ್ ರೀಲ್. 8 ಪೌಂಡಿನ ನೈಲಾನ್. ಜಿಲೇಬಿ ಮೀನಿನಿಂದ ಹಿಡಿದು ಮೂರು ನಾಲ್ಕು ಕಿಲೋ ಗೆಂಡೆಯವರೆಗೆ, ಬಯಲು ನೀರಿನಲ್ಲಿ, ಇದರಲ್ಲೇ ಆಗುತ್ತದೆ. ಜೊಂಡಿನ ಕೊರವನಿಗೆ ಇದನ್ನು ಬಳಸಬೇಡಿ. ಅದಕ್ಕೆ ಹೆವಿ ರಾಡ್, 30ರಿಂದ 50 ಪೌಂಡಿನ ಬ್ರೇಡ್ ಬೇರೆಯೇ ಇರಲಿ. ದಡದ ಹತ್ತಿರದ ಸಣ್ಣ ಮೀನಿಗಾದರೆ ರೀಲೇ ಬೇಡ. ಉದ್ದ ಬಿದಿರಿನ ಕೋಲು, ಅಷ್ಟೇ ಉದ್ದದ ದಾರ, ಒಂದು ಬೆಂಡು ಸಾಕು. ಅದನ್ನು ಯಾರೂ ಕಡಿಮೆ ಎಂದುಕೊಳ್ಳಬಾರದು. ಬೆಂಡು ಅಲುಗುವುದನ್ನು ಓದಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಅಂಗಡಿಯಲ್ಲಿ ರೀಲನ್ನು ರಾಡಿಗೆ ಸಿಕ್ಕಿಸಿಯೇ ನೋಡಿ. ರೀಲಿನ ಕಾಲಿನ ಹತ್ತಿರ ಒಂದು ಬೆರಳ ಮೇಲೆ ಇಟ್ಟಾಗ ರಾಡ್ ಹೆಚ್ಚು ಕಡಿಮೆ ಸಮವಾಗಿ ನಿಲ್ಲಬೇಕು. ತುದಿ ಕೆಳಗೆ ಬಿದ್ದರೆ ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುತ್ತದೆ. ಉಂಗುರಗಳು ಒಂದೇ ಸಾಲಿನಲ್ಲಿವೆಯೇ ಎಂದು ಹಿಡಿಯ ಕಡೆಯಿಂದ ಕಣ್ಣಿಟ್ಟು ನೋಡಿ. ಒಳಗೆ ಸ್ವಲ್ಪ ಹತ್ತಿ ತೂರಿಸಿ ತಿರುಗಿಸಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಆ ಬಿರುಕು ದಾರವನ್ನು ಬ್ಲೇಡಿನಂತೆ ಕೆರೆಯುತ್ತದೆ.

ಗಾಳ ತಳದಲ್ಲಿ ಸಿಕ್ಕಿಕೊಂಡರೆ ರಾಡ್ ಬಾಗಿಸಿ ಜಗ್ಗಬೇಡಿ. ರಾಡನ್ನು ದಾರದ ನೇರಕ್ಕೆ ಹಿಡಿದು, ದಾರವನ್ನು ಒಂದು ಕಟ್ಟಿಗೆ ತುಂಡಿಗೆ ಸುತ್ತಿ, ಹಿಂದಕ್ಕೆ ನಡೆಯಿರಿ. ಕೈಗೆ ಸುತ್ತಿಕೊಳ್ಳಬೇಡಿ, ಬ್ರೇಡ್ ಮಾಂಸ ಕೊಯ್ಯುತ್ತದೆ. ಹರಿದ ದಾರವನ್ನು ದಡದಲ್ಲಿ ಬಿಟ್ಟು ಬರಬೇಡಿ. ಅದು ಬೇಗ ಕರಗುವ ವಸ್ತುವಲ್ಲ. ನೀರುಹಕ್ಕಿಗಳ ಕಾಲಿಗೆ ಸುತ್ತಿಕೊಂಡು ಅವು ನರಳಿ ಸಾಯುತ್ತವೆ. ಚಿಕ್ಕ ಡಬ್ಬಿಯೊಂದನ್ನು ಚೀಲದಲ್ಲಿಟ್ಟು ತುಂಡುಗಳನ್ನೆಲ್ಲ ಅದಕ್ಕೆ ಹಾಕಿ ತನ್ನಿ.

ಮತ್ತೆ ಎಸೆಯುವ ಮುನ್ನ ದಾರದ ಕೊನೆಯ ಒಂದು ಮೀಟರನ್ನು ಉಗುರು ಮತ್ತು ಬೆರಳಿನ ನಡುವೆ ಎಳೆದು ನೋಡಿ. ಎಲ್ಲಾದರೂ ಒರಟು ಹತ್ತಿದರೆ ಅಲ್ಲಿಂದ ಮೇಲಕ್ಕೆ ಕತ್ತರಿಸಿ, ಗಾಳವನ್ನು ಹೊಸದಾಗಿ ಕಟ್ಟಿ.